ಉರಿಯದ ಕಣ್ಣು

ಮೊನ್ನೆ ಕಣ್ಣಿನ ಡಾಕ್ಟರು ಹತ್ತಿಯ ತುದಿಯನ್ನು ಬೆರಳಲ್ಲಿ ಹೊಸೆದು, ದೀಪದ ಬತ್ತಿಗಿಂತ ಸಣ್ಣ ಎಳೆ ಮಾಡಿ ನನ್ನ ಬಲಗಣ್ಣಿನ ಹತ್ತಿರ ತಂದರು. ಕರಿಗುಡ್ಡೆಗೆ ಸೋಕಿತೋ ಇಲ್ಲವೋ, ರೆಪ್ಪೆ ಟಪ್ಪನೆ ಮುಚ್ಚಿಕೊಂಡಿತು. "ಭೇಷ್, ನರ ಚಲೋ ಐತ್ರಿ" ಎಂದರು. ನನಗೆ ಮಾತ್ರ ಆ ಹತ್ತಿಯ ಎಳೆ ಕೊಟ್ಟೂರಿನ ಖಾರದಕ್ಕನನ್ನು ಎದುರಿಗೆ ತಂದು ಕೂರಿಸಿತ್ತು...

ಎಪ್ಪತ್ತರ ದಶಕದ ಕೊನೆಯಲ್ಲಿ ಅಲ್ಲಿಯ ಶಾಲೆಗೆ ವಿಜ್ಞಾನದ ಟೀಚರಾಗಿ ಹೋದಾಗ ನಾನು ಬಾಡಿಗೆಗೆ ಹಿಡಿದದ್ದು ಆಕೆಯ ಮನೆಯ ಮುಂದಿನ ಕೋಣೆ. ಒಣಮೆಣಸಿನಕಾಯಿ ಹುರಿದು, ಒರಳಲ್ಲಿ ಕುಟ್ಟಿ, ಪುಡಿಯನ್ನು ಸಂತೆಯಲ್ಲಿ ಮಾರಿ ಆಕೆಯ ಜೀವನ ಸಾಗುತ್ತಿತ್ತು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಬಾಯಿ ಜೋರು, ಮನಸ್ಸು ಮೆತ್ತಗೆ. ಬಾಣಲೆ ಒಲೆಗೇರಿತೆಂದರೆ ಇಡೀ ಓಣಿ ಕೆಮ್ಮುತ್ತಿತ್ತು. ನಾನು ಮೂಗಿಗೆ ಸೆರಗು ಹಿಡಿದು ಅಂಗಳಕ್ಕೆ ಓಡಿದರೆ ಆಕೆಗೆ ಎಲ್ಲಿಲ್ಲದ ನಗು.

"ಏನ್ ಟೀಚರಮ್ಮ, ಕಣ್ಣಾಗ ತುಂಗಭದ್ರಿ ಹರಿಯಾಕ ಹತ್ಯಾಳ!"

ಆಕೆಯ ಬಲಗಣ್ಣೂ ಸುರಿಯುತ್ತಿತ್ತೆನ್ನಿ. ಎಡಗಣ್ಣು ಮಾತ್ರ ಒಣಒಣ. ನಾನು ಬರುವ ಮೊದಲು ಹಣೆಯ ಎಡಭಾಗದಲ್ಲಿ ಸರ್ಪಸುತ್ತು ಎದ್ದಿತ್ತಂತೆ. ಗುಳ್ಳೆ ಒಣಗಿದ ಮೇಲೆ ಆ ಕಣ್ಣಿಗೆ ಖಾರ ಹತ್ತುವುದೇ ನಿಂತಿತು. ಆಕೆಗೆ ಅದೊಂದು ವರ. ಪುಡಿ ಜರಡಿ ಹಿಡಿಯುವಾಗ ಬಲಗಣ್ಣು ಮುಚ್ಚಿ, ಎಡಗಣ್ಣನ್ನು ಅಗಲಿಸಿ ನೋಡುವುದನ್ನು ರೂಢಿ ಮಾಡಿಕೊಂಡಿದ್ದಳು. "ಎರಡೂ ಹಿಂಗಾಗಿದ್ರ ಎಷ್ಟು ಚಲೋ ಇತ್ತು" ಅನ್ನುವಳು.

ಒಂದು ದಿನ ನೋಡುತ್ತೇನೆ, ಆ ಕರಿಗುಡ್ಡೆಯ ಮೇಲೆ ಮೆಣಸಿನಕಾಯಿಯ ಸಿಪ್ಪೆಯ ಚೂರು ಅಂಟಿಕೊಂಡಿದೆ! ಆಕೆ ಆರಾಮಾಗಿ ಹರಟುತ್ತಿದ್ದಾಳೆ. ಕೈಹಿಡಿದು ಎಳೆದುಕೊಂಡೇ ಆಸ್ಪತ್ರೆಗೆ ಹೋದೆ. ಅಲ್ಲಿಯ ಡಾಕ್ಟರು ಚೂರು ತೆಗೆದು, ಹೀಗೆಯೇ ಹತ್ತಿಯ ಎಳೆ ಮುಟ್ಟಿಸಿದರು. ಬಲಗಣ್ಣು ಮುಚ್ಚಿಕೊಂಡಿತು. ಎಡಗಣ್ಣನ್ನು ಸವರಿದರೂ ರೆಪ್ಪೆ ಅಲುಗಲಿಲ್ಲ. ಆಕೆ ಗೆದ್ದವಳಂತೆ ನನ್ನನ್ನು ನೋಡಿ ನಕ್ಕಳು.

"ನಗಬ್ಯಾಡಮ್ಮ. ಈ ಕಣ್ಣಿನ ಉರಿ ತಿಳಿಸೋ ನರ ಸತ್ತೈತಿ. ಮುಲಾಮು ಹಚ್ಚಿ ಪಟ್ಟಿ ಕಟ್ಕೊಂಡು ಖಾರದಿಂದ ದೂರ ಇರ್ಬೇಕು. ಇಲ್ಲಂದ್ರ ಕಣ್ಣ ಹೋಗತೈತಿ" ಎಂದರು ಡಾಕ್ಟರು.

ಕೇಳಿದಳೇ? "ಉರಿ ಇಲ್ಲ, ನೋವಿಲ್ಲ. ಸುಮ್ನಿರೋ ಕಣ್ಣಿಗೆ ಯಾತರ ಔಷಧಿರೀ?" ಸಂತೆ ಬಂದೊಡನೆ ಪಟ್ಟಿ ಬಿಚ್ಚಿತು. ನಾನು ಬೈದೆ, ಮಾತು ಬಿಟ್ಟೆ, ತಡೆಯಲಾರದೆ ನಾನೇ ಮತ್ತೆ ಮಾತಾಡಿಸಿದೆ. ಕರಿಗುಡ್ಡೆಯ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿ ಕಾಣಿಸಿಕೊಂಡಿತು, ಹಾಗೇ ಹರಡುತ್ತ ಹೋಯಿತು. ಅದು ಪೂರ್ತಿ ಮುಚ್ಚಿದಾಗ ಆಕೆ ಜರಡಿ ಬದಿಗಿಟ್ಟು ಗೋಡೆಗೊರಗಿ ಕೂತಳು.

"ನೋವಾಗಿದ್ರ ನಾ ಬಿಡ್ತಿದ್ನೇನ್ರಿ ಟೀಚರಮ್ಮ? ಒಂದ್ ಮಾತು ಹೇಳ್ಲಿಲ್ಲ ನೋಡ್ರಿ ಇದು... ಸತ್ತ ಕಣ್ಣು."

ನನಗೆ ಹಡಗಲಿಗೆ ವರ್ಗವಾಯಿತು. ಹೊರಡುವ ದಿನ ಬಸ್ಸಿನ ಕಿಟಕಿಯೊಳಗೆ ಖಾರದಪುಡಿಯ ಪೊಟ್ಟಣ ತುರುಕಿ ನಿಂತಳು. ಬಲಗಣ್ಣು ತುಂಬಿ ಹರಿಯಿತು. ಆಮೇಲೆ ಆ ಬಿಳಿ ಕಣ್ಣಿನಿಂದಲೂ ನೀರು ಇಳಿಯಿತು. ಕೆನ್ನೆ ಮುಟ್ಟಿ, ಬೆರಳು ನೋಡಿಕೊಂಡಳು.

"ಅಯ್ಯ ಶಿವನೇ! ಅಳಾಕ ಬರ್ತೈತ್ರೀ ಇದಕ್ಕ! ಸತ್ತಿಲ್ಲ ನೋಡ್ರಿ!"

ಬಸ್ಸು ತಿರುಗುವವರೆಗೂ ಕೆನ್ನೆ ಒರೆಸಿಕೊಳ್ಳದೆ ನಗುತ್ತ ನಿಂತಿದ್ದಳು. ನಾನು ಆಕೆಯನ್ನು ಕಂಡದ್ದು ಅದೇ ಕೊನೆ. ಕೆಲವು ವರ್ಷಗಳಾದ ಮೇಲೆ ತೀರಿಕೊಂಡಳೆಂದು ಯಾರೋ ಹೇಳಿದರು...

ಮೊನ್ನೆ ಡಾಕ್ಟರಿಗೆ ಇದನ್ನೆಲ್ಲ ಹೇಳಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಕರಿಗುಡ್ಡಿ ಮ್ಯಾಲಿನ ಕಾರ್ನಿಯಾದ ಜೀವಕೋಶಗಳ ಮ್ಯಾಲೆ ಸುದ್ದಿ ಹಿಡಿಯೋ ಸಣ್ಣ ಸಣ್ಣ ಗ್ರಾಹಕಗಳು ಇರ್ತಾವ್ರಿ. ನರದ ತುದಿಯಿಂದ ಬರೋ ರಾಸಾಯನಿಕ ಅದರಾಗ ಬಂದು ಕುಂತ್ರ, ಗಾಯ ಮುಚ್ಚಬೇಕು ಅಂತ ಜೀವಕೋಶಕ್ಕ ಸುದ್ದಿ ಮುಟ್ಟತೈತಿ. ನರ ಸತ್ರ ಸುದ್ದಿನ ಬರಂಗಿಲ್ಲ. ಜೀವಕೋಶ ಬದುಕಿರ್ತಾವು, ಗ್ರಾಹಕ ಕಾಯ್ಕೊಂಡಿರ್ತಾವು, ಆದ್ರ ಗಾಯ ಮಾಯಂಗಿಲ್ಲ. ಅಳು ಬರೋ ನರದ ದಾರಿನ ಬ್ಯಾರೆ, ಅದು ಆಕಿಗೆ ಉಳಿದಿತ್ತು."

ನಾನು ಪಾಠ ಮಾಡಿದ ಪುಸ್ತಕದಲ್ಲಿ ಕಾರ್ನಿಯಾ ಬರೀ ಪಾರದರ್ಶಕ ಪರದೆಯಾಗಿತ್ತು. ಬಾರದ ಸುದ್ದಿಗೆ ಅಲ್ಲಿ ಕಾಯುವವರು ಇದ್ದರೆಂದು ಈಗ ತಿಳಿಯಿತು. ಖಾರದಕ್ಕ, ನೀನು ಹೇಳಿದ್ದೇ ನಿಜ, ಅದು ಸತ್ತಿರಲಿಲ್ಲ ಎಂದು ಹೇಳಿಬರೋಣವೆಂದರೆ ಆಕೆಯೇ ಇಲ್ಲ.

ಡಾಕ್ಟರು ನನ್ನ ಮುಖ ನೋಡಿ ಉಳಿದ ಹತ್ತಿಯನ್ನು ಕೈಗಿತ್ತರು. "ನಾ ಮುಟ್ಟಿಸಿದ್ದು ಬಲಗಣ್ಣಿಗೆ ಅಲ್ಲೇನ್ರಿ? ಎಡಗಣ್ಣು ಯಾಕ ಸುರಿಯಾಕ ಹತ್ತೈತಿ?"

"ಖಾರ ಹತ್ತಿತು ಡಾಕ್ಟರೇ" ಎಂದೆ.