ಮುರುಗೆವ್ವ ಎಬ್ಬಿಸಿ ಕೂರಿಸಿದ ದೇವರು

ಮುರುಗೆವ್ವ ಹೋದ ಬುಧವಾರ ಗಣಿ ಸೀಮೆಯ ಉಸಗಾಂವದಲ್ಲಿ ತೀರಿಕೊಂಡಳು. ಜ್ವರ ಇಳಿಯಲೇ ಇಲ್ಲ.

ಸುದ್ದಿ ಬಂದಾಗ ಅಡಿವೆಯ್ಯ ಅಂಗಡಿ ತೆಗೆಯುತ್ತಿದ್ದ. ಧಾರವಾಡದಿಂದ ಬಂದು ಅಲ್ಲಿ ವ್ಯಾಪಾರಕ್ಕೆ ಕೂತ ಅವನಿಗೆ ಅವಳು ಹಳೆಯ ಗೆಳತಿ. ಅರ್ಧ ತೆಗೆದ ಬಾಗಿಲನ್ನು ಹಾಗೇ ಬಿಟ್ಟು ಸುಣ್ಣದ ಚೀಲದ ಮೇಲೆ ಕುಳಿತುಬಿಟ್ಟ.

ಎಂಬತ್ತಾರನೇ ಇಸವಿಯಲ್ಲಿ ಅವಳು ಮೊದಲು ಅಂಗಡಿಗೆ ಬಂದದ್ದೂ ಸುಣ್ಣಕ್ಕೇ. ರಸ್ತೆ ಕೆಲಸದ ಕೂಲಿ ಅವಳದು. ತಮ್ಮ ಲಾಲಪ್ಪ ಅದಿರಿನ ಲಾರಿ ಓಡಿಸುತ್ತಿದ್ದ. ಆಗ ರಸ್ತೆಗೆ ಬಿಳಿ ಗೆರೆ ಎಲ್ಲಿತ್ತು? ಕೆಂಪು ಧೂಳು ಕೂತು ಡಾಂಬರು ಎಲ್ಲಿ ಮುಗಿಯಿತೆಂದೇ ತಿಳಿಯುತ್ತಿರಲಿಲ್ಲ. ಗೇರುಮರದ ತಿರುವಿನಲ್ಲಿ ಲಾಲಪ್ಪನ ಲಾರಿಯ ಎಡಗಾಲಿ ಅಂಚಿನಿಂದ ಇಳಿದು, ಲಾರಿ ತಗ್ಗಿಗೆ ಉರುಳಿತ್ತು. ಮುರಿದ ಕಾಲು ಕೂಡಿದ್ದೇ ತಡ, ಅವನು ಮತ್ತೆ ಲಾರಿ ಹತ್ತಿದ್ದ.

"ಸುಣ್ಣ ಮನಿಗೇನ್ರಿ?"

"ರಸ್ತಾಕ್ರಿ ಅಡಿವೆಯ್ಯಾರ. ನಮ್ಮ ಲಾಲ್ಯಾ ಕುರುಡ. ಅಂಚಾರ ಕಣ್ಣಿಗೆ ಬೀಳಲಿ."

ತಿರುವಿನ ಅಂಚಿನುದ್ದಕ್ಕೂ ಕಲ್ಲು ಹೂಳಿ, ಊರಲ್ಲಿ ಗುಡಿಯ ಗೋಡೆಗೆ ಬಳಿಯುವಂತೆ ಒಂದು ಪಟ್ಟೆ ಸುಣ್ಣ, ಒಂದು ಪಟ್ಟೆ ಕಾವಿ ಬಳಿದಳು. ದೂರಕ್ಕೆ ಎದ್ದು ಕಾಣಲೆಂದು. ತಪ್ಪಾದದ್ದು ಅಲ್ಲೇ. ಬಿಜಾಪುರದ ಕಡೆಯ ಡ್ರೈವರುಗಳು ಕಲ್ಲನ್ನು ದೇವರೆಂದುಕೊಂಡು, ತಿರುವಿನಲ್ಲೇ ಲಾರಿ ನಿಲ್ಲಿಸಿ ಕಾಯಿ ಒಡೆಯತೊಡಗಿದರು. ಹಾಗೆ ನಿಂತ ಲಾರಿಯೊಂದನ್ನು ತಪ್ಪಿಸಲು ಹೋಗಿ ಲಾಲಪ್ಪನೇ ರಸ್ತೆಯ ಆಚೆ ಬದಿಗೆ ನುಗ್ಗಿದ. ಎದುರಿನ ಬಸ್ಸಿನಿಂದ ಕೂದಲೆಳೆಯಲ್ಲಿ ಪಾರಾದ.

"ನನ್ನ ಉಳಸಾಕ ದೇವರ್ನ ಮಾಡಿದಿ ಅಕ್ಕಾ, ಅಂವನ ನನ್ನ ಕೊಲ್ಲಾಕತ್ತಾನ!" ಎಂದು ಅಂಗಡಿ ಮುಂದೆ ಕೂಗಾಡಿದ.

ಅವಳು ಕಾವಿ ಉಜ್ಜಿ ತೆಗೆದು ಬರೀ ಬಿಳಿ ಬಳಿದಳು. ಕಾಯಿ ಒಡೆಯುವುದು ನಿಲ್ಲಲಿಲ್ಲ. ಕೊನೆಗೆ ತಿರುವಿಗೆ ಬಹಳ ಮೊದಲೇ, ಲಾರಿ ಪಕ್ಕಕ್ಕೆ ನಿಲ್ಲುವಷ್ಟು ಅಗಲದ ಜಾಗದಲ್ಲಿ ಬೇರೆ ಕಲ್ಲು ನೆಟ್ಟು, ಕಾವಿ ಹಚ್ಚಿ ಕುಂಕುಮ ಇಟ್ಟಳು.

"ದೇವರ್ನ ಎಬ್ಬಸಾಕ ನೀ ಯಾರಬೇ?" ಅಡಿವೆಯ್ಯ ಕೆಣಕಿದ್ದ.

"ಕೂಡ್ಸಿದಾಕಿನೂ ನಾನ ಅಲ್ಲೇನ್ರಿ? ಎಬ್ಬಸಾಕ ಮತ್ಯಾರು ಬರತಾರ?"

ದೇವರು ಅಲ್ಲಿಗೆ ಹೋದ, ಕಾಯಿಯೂ ಹೋಯಿತು. ಕೈಮುಗಿದು ಹೊರಟ ಲಾರಿಗಳು ತಿರುವಿಗೆ ನಿಧಾನವಾಗಿಯೇ ಬರುತ್ತಿದ್ದವು. ಲಾಲಪ್ಪನ ಕೂದಲು ಆ ರಸ್ತೆಯಲ್ಲೇ ನರೆಯಿತು.

ಮಳೆಗಾಲದಲ್ಲಿ ಅದಿರಿನ ಲಾರಿಗಳು ಓಡುವುದಿಲ್ಲ. ಪ್ರತಿ ವರ್ಷ ಮಳೆ ನಿಂತ ಮೇಲೆ ಅವಳ ಸುಣ್ಣ ಮೊದಲು ಕಲ್ಲುಗಳಿಗೆ, ಆಮೇಲೆ ಮನೆಗೆ. ಈ ಸಲ ಮೈ ಸುಡುತ್ತಿದ್ದರೂ ಸುಣ್ಣಕ್ಕೆ ಅಂಗಡಿಗೆ ಬಂದಳು.

"ಮಲಕೋಬಾರದೇನವಾ?"

"ಮಳಿ ಮುಗೀತಲ್ರಿ. ನಾಳಿಂದ ಲಾಲ್ಯಾನ ಗಾಡಿ ಚಾಲೂ."

ಮನಸ್ಸು ತಡೆಯದೆ ಅಡಿವೆಯ್ಯ ಹಿಂದೆಯೇ ಹೋಗಿದ್ದ. ಇಳಿಬಿಸಿಲು. ಅವಳು ಕೊನೆಯ ಕಲ್ಲಿಗೆ ಸುಣ್ಣ ಬಳಿದು, ಬಕೆಟ್ಟು ಪಕ್ಕಕ್ಕಿಟ್ಟು ಕುಕ್ಕರುಗಾಲಲ್ಲಿ ಕೂತು, ಕಲ್ಲನ್ನು ಮರೆಮಾಡಿದ್ದ ಹುಲ್ಲನ್ನು ಕಿತ್ತು ಹಾಕಿದಳು.