ನೆಗೆಣ್ಣಿಗೂ ಸಡಿಲವಾದ ಚೂಡಿದಾರ್

ಗೆಳತಿಯರೇ, ತೂಕ ಇಳಿದಾಗಿನಿಂದ ಕಂಡ ಕಂಡ ಬಟ್ಟೆ ಕೊಳ್ಳುತ್ತಿದ್ದ ನಾನು, ಇನ್ನು ಹೊಸದು ಬೇಡ, ಹಳೆಯವನ್ನೇ ಫಿಟಿಂಗ್ ಮಾಡಿಸಿ ಹಾಕುತ್ತೇನೆ ಎಂದು ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಅದಕ್ಕೇ ಇವತ್ತು ಚೀಲ ತುಂಬಿಕೊಂಡು ಸವಣೂರಿನ ನಮ್ಮ ಟೇಲರ್ ರೆಹಾನಾ ಅವರ ಹತ್ತಿರ ಹೋದೆ. ನೋಡಿದರೆ ಅಲ್ಲಿ ನನ್ನ ಮೈದುನನ ಹೆಂಡತಿ ಸುನಂದಾ ಕುಳಿತಿದ್ದಾಳೆ. ಮೈಮೇಲೆ, ನನಗೆ ಸಡಿಲವಾಯಿತೆಂದು ದೊಡ್ಡ ಮನಸ್ಸು ಮಾಡಿ ನಾನೇ ಕೊಟ್ಟಿದ್ದ ಹಸಿರು ಚೂಡಿದಾರ್.

“ನೀ ಯಾಕ ಬಂದಿ?” ಎಂದೆ.

“ಇದು ನನಗೂ ಭಾಳ ಲೂಸ್ ಆಗೇತ್ರಿ ಅಕ್ಕಾ. ಫಿಟಿಂಗ್ ಮಾಡಿಸಾಕ ಬಂದೇನಿ.”

ನಾನು ಅನ್ನ ಬಿಟ್ಟು ಇಳಿಸಿದ್ದು. ಇವಳು ಎರಡು ಹೊತ್ತೂ ಅನ್ನ ಉಣ್ಣುತ್ತಾಳೆ. ಹೊಟ್ಟೆ ಉರಿಯಿತು.

ರೆಹಾನಾ ಕೇಳಿದರು, “ಒಳಗ ಉಳಿಯೋ ಬಟ್ಟಿ ಕತ್ತರಿಸಿ ತಗೀಲೇನ್ರಿ? ಇಟ್ರ ಮುಂದ ದಪ್ಪ ಆದಾಗ ಬಿಚ್ಚಾಕ ಬರ್ತೇತಿ.”

“ನಂದು ಕತ್ತರಿಸ್ರಿ” ಎಂದಳು ಸುನಂದಾ.

“ನಂದೂ ಕತ್ತರಿಸ್ರಿ” ಎಂದೆ ನಾನು.

ಸುನಂದಾ ಪ್ರೀತಿಯಿಂದ ನನ್ನ ಕೈ ಹಿಡಿದು ರೆಹಾನಾಗೆ ಹೇಳಿದಳು, “ಅಕ್ಕಂದು ಹಂಗ ಇರ್ಲಿ ಬಿಡ್ರಿ.”

ಬರುವಾಗ ಬಟ್ಟೆ ಅಂಗಡಿ ಕಡೆ ತಿರುಗಿಯೂ ನೋಡಲಿಲ್ಲ. ನೇರ ಬೇಕರಿಗೆ ಹೋಗಿ, ಸುನಂದಾಳಿಗೆಂದು ಒಂದು ಕಿಲೋ ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಬಂದೆ.