ಆಷಾಢದ ಗಾಳಿಯಲ್ಲಿ ಪಿ.ಟಿ. ಮಿಸ್ ದೋಣಿ

ಹೋದ ವಾರ ಚಿಂತಾಮಣಿ ಬಸ್‌ಸ್ಟ್ಯಾಂಡ್ ಹಿಂದೆ ನನ್ನ ಸ್ಕೂಟಿ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬಿಗೆ ಸಲ್ಯೂಷನ್ ಹಚ್ಚಿ ಉಫ್ ಎಂದು ಊದಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಟೊಮ್ಯಾಟೊ ಲಾರಿಗಳ ಗದ್ದಲವೆಲ್ಲ ಎಲ್ಲೋ ದೂರ ಸರಿದು ಕಣ್ಣ ಮುಂದೆ ಬರೀ ನೀರು... ನೀರಿನ ನಡುವೆ ಒಂದು ಹಳದಿ ದೋಣಿ, ಅದರೊಳಗೆ ನಮ್ಮ ಪಿ.ಟಿ. ಮಿಸ್.

ನಾವಿಬ್ಬರೂ ಒಂದೇ ಶಾಲೆ. ನಾನು ವಿಜ್ಞಾನ ಹೇಳುತ್ತಿದ್ದೆ, ಅವರು ಮಕ್ಕಳನ್ನು ಬಿಸಿಲಲ್ಲಿ ಓಡಿಸುತ್ತಿದ್ದರು. ಮನೆಯೂ ಗೋಡೆಗೆ ಗೋಡೆ. ಆ ಮನೆಯಲ್ಲಿ ಮದುವೆಯಾಗದ ಅಕ್ಕತಂಗಿ ಇಬ್ಬರೇ. ತಾಯಿ ಬೇಗ ಹೋದ ಮೇಲೆ ಮಿಸ್ಸನ್ನು ಸಾಕಿದವರು ಅಕ್ಕ. ಇವರ ತಮ್ಮ ಚಿಕ್ಕಂದಿನಲ್ಲೇ ತೋಟದ ಬಾವಿಗೆ ಬಿದ್ದು ತೀರಿಕೊಂಡಿದ್ದನಂತೆ. ಅಂದಿನಿಂದ ಅಕ್ಕನಿಗೆ ನೀರೆಂದರೆ ಯಮ. ತಂಗಿಗೆ ಈಜು ಕಲಿಯಲೂ ಬಿಟ್ಟಿರಲಿಲ್ಲ. ಮಿಸ್ ಟ್ರೈನಿಂಗ್ ನೆಪದಲ್ಲಿ ಬೆಂಗಳೂರಿಗೆ ಹೋಗಿ ಕದ್ದು ಕಲಿತು ಬಂದು, ವರ್ಷಗಟ್ಟಲೆ ಬಾಯಿ ಬಿಡಲಿಲ್ಲ.

ರಿಟೈರ್ ಆಗಿದ್ದೇ ತಡ, ಮಂಗಳೂರಿನಿಂದ ಒಂದು ಹಳೆಯ ಕಯಾಕ್ ತರಿಸಿದರು. ಟೊಮ್ಯಾಟೊ ಇಳಿಸಿ ಖಾಲಿ ಬರುತ್ತಿದ್ದ ಲಾರಿಯಲ್ಲಿ ಬಂತು. ಸಮುದ್ರಕ್ಕೆಂದೇ ಮಾಡಿದ ಉದ್ದನೆಯ ದೋಣಿ; ಎರಡು ತುದಿಯೂ ಚೂಪು, ನಡುವೆ ಒಬ್ಬರು ಕಾಲು ಚಾಚಿ ಕೂರುವಷ್ಟು ಜಾಗ. "ಸಾಯೋದ್ರೊಳಗೆ ಒಂದ್ಸಲ ಸಮುದ್ರದ ಮೇಲೆ ಹೋಗ್ಬೇಕು ಕಣೇ. ದಡದಲ್ಲಿ ಕಾಲು ನೆನೆಸ್ಕೊಂಡು ಬರೋದಲ್ಲ" ಎಂದಿದ್ದರು ನನ್ನ ಹತ್ತಿರ.

ಅಕ್ಕ ಮಾತು ಬಿಟ್ಟರು. ಆಮೇಲೆ ಒಂದು ಷರತ್ತು ಹಾಕಿದರು. "ಆಷಾಢದ ಗಾಳೀಲಿ ಕೆರೆ ಆ ದಡಕ್ಕೆ ನೆಟ್ಟಗೆ ಹೋಗಿ, ನೆಟ್ಟಗೆ ಬಂದು ತೋರ್ಸು. ಸಂಜೆಯೊಳಗೆ ಆಗ್ಲಿಲ್ವಾ, ದೋಣಿ ಮಾರಿಬಿಡ್ಬೇಕು." ಗೆಲ್ಲುವುದು ತಾನೇ ಎಂದು ಅಕ್ಕನಿಗೆ ಖಾತ್ರಿಯಿತ್ತು. ಆಷಾಢದ ಗಾಳಿ ನಮ್ಮ ಕಡೆ ಹೆಂಚನ್ನೇ ಹಾರಿಸುತ್ತದೆ.

ಹಿಂದಿನ ಕಾರ್ತೀಕದಲ್ಲಿ ಕೆಂಚಾರ್ಲಹಳ್ಳಿ ಕಡೆಯ ಕೆರೆ ಕೋಡಿ ಬಿದ್ದಿದ್ದರಿಂದ ಇನ್ನೂ ನೀರಿತ್ತು. ದೋಣಿಯಲ್ಲಿ ಸಾಮಾನು ಇಡುವ ಗೂಡಿನ ಮುಚ್ಚಳದ ರಬ್ಬರ್ ಬಿರಿದಿದ್ದ ಕಡೆ ಮಿಸ್ ಪಂಕ್ಚರ್ ಸಲ್ಯೂಷನ್ ಹಚ್ಚಿದರು. ಟ್ರ್ಯಾಕ್ಟರ್‌ನಲ್ಲಿ ದೋಣಿ ಕೆರೆ ಏರಿಯ ಮೇಲೆ ಬಂತು. ಬೇಡ ಬೇಡ ಅನ್ನುತ್ತಲೇ ಅಕ್ಕ ಅದಕ್ಕೆ ಕುಂಕುಮ ಇಟ್ಟು ಕಾಯಿ ಒಡೆದರು. ನಿಂಬೆಹಣ್ಣು ಇಡಲು ಚಕ್ರ ಹುಡುಕಿ, ಕಾಣದೆ ಸಿಟ್ಟಾದರು.

ಸಮುದ್ರಕ್ಕೆ ಹೋಗುವಾಗ ಸಾಮಾನು ಇರುತ್ತದಲ್ಲ, ಅದರ ಬದಲಿಗೆ ಒಂದು ಮರಳಿನ ಚೀಲ ಹಾಕುವುದೆಂದಾಯಿತು. ಎಲ್ಲಿ ಹಾಕುವುದು? ಮಿಸ್ ಬೇಸಾಯದ ಮನೆಯವರು. "ಬಂಡಿಗೆ ಮುಂದೆ ಒಂದು ತೂಕ ಜಾಸ್ತಿ ಇರ್ಬೇಕು. ಹಿಂದೆ ಭಾರ ಆದ್ರೆ ನೊಗ ಮೇಲೆದ್ದು ಎತ್ತಿನ ಕುತ್ತಿಗೆ ಬಿಗಿಯುತ್ತೆ" ಎಂದು ಚೀಲವನ್ನು ಮೂತಿಯ ಕಡೆ ತುರುಕಿದರು. ಏರಿಯ ಮೇಲಿದ್ದವರೆಲ್ಲ ಹೌದೌದು ಎಂದರು. ವಿಜ್ಞಾನ ಹೇಳುವ ನಾನೂ ತಲೆಯಾಡಿಸಿದೆ.

ದಡದ ಹತ್ತಿರ ದೋಣಿ ಚೆನ್ನಾಗಿಯೇ ಹೋಯಿತು. ನಡುಗೆರೆಯಲ್ಲಿ ಗಾಳಿ ಪಕ್ಕೆಗೆ ಹೊಡೆದದ್ದೇ, ಮೂತಿ ಗಾಳಿಯ ಕಡೆಗೆ ತಿರುಗಿ ನಿಂತಿತು. ಮಿಸ್ ಒಂದೇ ಕಡೆ ಹುಟ್ಟು ಹಾಕಿ ಹಾಕಿ ಸೋತರು. ವಾಪಸು ಬಂದರು. ಎಮ್ಮೆ ಮೇಯಿಸುತ್ತಿದ್ದ ತಾತ ಒಬ್ಬರು, "ಮೊಂಡೆತ್ತು ಇದ್ದಂಗೈತಮ್ಮ. ಇಂಕಾ ಸ್ವಲ್ಪ ಮುಂದಕ್ಕೆ ಭಾರ ಹಾಕಿ" ಎಂದರು. ಹಾಕಿದೆವು. ಇನ್ನೂ ಕೆಟ್ಟಿತು. ಅಕ್ಕ ನೆಮ್ಮದಿಯಾಗಿ ಚಕ್ಕುಲಿ ಡಬ್ಬ ತೆರೆದರು.

ಹೊತ್ತು ಇಳಿಯುತ್ತಿತ್ತು. ಮಿಸ್ ಮೊಣಕಾಲುದ್ದದ ನೀರಲ್ಲಿ ನಿಂತಿದ್ದರು. ದೋಣಿಯ ಮೂತಿಯನ್ನು ಬೆರಳಿಂದ ತಳ್ಳಿದರು, ಜಗ್ಗಲಿಲ್ಲ. ಬಾಲವನ್ನು ತಳ್ಳಿದರು, ತೊಟ್ಟಿಲಿನ ಹಾಗೆ ಹಗುರವಾಗಿ ತೂಗಿ ಹೋಯಿತು.

"ಅಯ್ಯೋ ನಮ್ಮ ಬುದ್ಧಿಗಿಷ್ಟು! ಬಂಡಿ ನೆಲದ ಮೇಲಿರುತ್ತೆ ಕಣೇ, ಗಾಳಿ ಏನೂ ಮಾಡಲ್ಲ. ಇದರ ಮೂತಿ ನೀರಲ್ಲಿ ಹೂತೋಗಿದೆ, ಬಾಲ ಹಗುರ. ಗಾಳಿ ಬಾಲ ತಳ್ಳಿದ್ರೆ ಮೂತಿ ಗಾಳಿ ಕಡೆಗೇ ತಾನೇ ತಿರುಗೋದು?"

ಚೀಲವನ್ನು ಕೂರುವ ಜಾಗದ ಹಿಂದಕ್ಕೆ ಹಾಕಿಕೊಂಡು ಮತ್ತೆ ಹೊರಟರು.

ಆ ಹೊತ್ತು ನನಗೆ ಈಗಲೂ ಅರ್ಧ ಕನಸು. ಕೆರೆಯೆಲ್ಲ ತಾಮ್ರದ ಬಣ್ಣ, ಅಲೆಯ ಮೇಲೆ ಅಲೆ, ದೂರದ ಬೆಟ್ಟ ನೀಲಿ. ಅಲೆ ಬಂದಾಗ ದೋಣಿ ಮರೆಯಾಗುತ್ತಿತ್ತು, ಮತ್ತೆ ಮೇಲೇಳುತ್ತಿತ್ತು... ಗಾಳಿ ಪಕ್ಕೆಗೇ ಹೊಡೆಯುತ್ತಿದ್ದರೂ ಗೆರೆ ಎಳೆದಂತೆ ನೆಟ್ಟಗೆ ಹೋಗುತ್ತಿತ್ತು. ಆ ದಡ ಮುಟ್ಟಿ ಹಾಗೆಯೇ ತಿರುಗಿ ಬಂತು. ಅಕ್ಕನ ಕೈಯಲ್ಲಿದ್ದ ಚಕ್ಕುಲಿ ಕೈಯಲ್ಲೇ ಉಳಿದಿತ್ತು.

ದೋಣಿ ದಡಕ್ಕೆ ಬರುವ ಮೊದಲೇ ಅಕ್ಕ ಏರಿಯಿಂದ ಇಳಿದರು. ಸೀರೆ ನೆನೆಯುವಷ್ಟು ನೀರಿಗೆ ನಡೆದು, ತಂಗಿಯ ಒದ್ದೆ ತಲೆಯನ್ನು ಸೆರಗಿನಿಂದ ಒರೆಸಿದರು. "ಹೋಗ್ಬಾರೇ" ಎಂದರು. ಅಷ್ಟೇ. ನನಗೆ ಅಳು ಬಂತು.

ಆ ಚಳಿಗಾಲದಲ್ಲಿ ಮಿಸ್ ಸಮುದ್ರಕ್ಕೆ ಹೋದರು. ಫೋನಿನಲ್ಲಿ ಅವರ ಮಾತಿಗಿಂತ ಅಲೆಯ ಸದ್ದೇ ಹೆಚ್ಚು ಕೇಳುತ್ತಿತ್ತು. ಮತ್ತೂ ಒಂದು ಸಲ ಹೋಗಿ ಬಂದರು. ಆಮೇಲೊಂದು ಬೆಳಗ್ಗೆ ಎದ್ದೇಳಲಿಲ್ಲ. ಹೃದಯ ಎಂದರು ಡಾಕ್ಟರು.

ಹೋದ ವಾರ ಪಂಕ್ಚರ್ ಹಾಕಿಸಿಕೊಂಡವಳು ನೇರ ಅಕ್ಕನ ಹತ್ತಿರ ಹೋದೆ. ಕಾಫಿ ಕೊಟ್ಟು, ಮಂಚದ ಇನ್ನೊಂದು ಬದಿಯನ್ನು ಅಂಗೈಯಿಂದ ಸವರುತ್ತಾ ಕೂತರು.

"ನೀರಲ್ಲಿ ಹೋಗ್ಬಿಡ್ತಾಳೆ ಅಂತ ವಯಸ್ಸೆಲ್ಲಾ ಕಟ್ಟಿಹಾಕಿದೆ ಕಣೇ. ಹೋಗಿದ್ದು ಇಲ್ಲಿ, ಒಣ ಹಾಸಿಗೇಲಿ, ನನ್ನ ಪಕ್ಕದಲ್ಲೇ. ನಾನು ಹಿಡ್ಕೊಂಡೇ ಮಲಗಿದ್ದೆ."

ನಾನು ಕಾಫಿ ಲೋಟ ಕೆಳಗಿಟ್ಟು, ಮಂಚ ಸವರುತ್ತಿದ್ದ ಅವರ ಕೈ ಹಿಡಿದುಕೊಂಡೆ.